ಓದುಗರ ಪ್ರಶ್ನೆ: ದೋಣಿ ದಡ ಹತ್ತುವ ಕಾಲ

ಮೇ ಮುಗಿಯುತ್ತಾ ಬಂತು ಅಂದರೆ ನಮಗೆ ಬರುವ ಪತ್ರಗಳಲ್ಲಿ ಹಿನ್ನೀರಿನದ್ದೇ ಸುದ್ದಿ. ಬೋಟಿಂಗ್ ಯಾವತ್ತಿನವರೆಗೆ, ಮತ್ತೆ ಯಾವತ್ತಿನಿಂದ, ತಾರೀಕು ಹೇಳಿ ಅಂತ. ತಾರೀಕು ಹೇಳೋಕೆ ಇದು ಶಾಲೆ ರಜೆಯಲ್ಲ. ನೀರು ಮತ್ತು ಗಾಳಿ ನೋಡಿ ಹೇಳಬೇಕು. ಈ ಸಲದ ಉತ್ತರಗಳೆಲ್ಲ ಹೆಚ್ಚುಕಮ್ಮಿ ಅದರ ಸುತ್ತಲೇ ಇವೆ.

ಪ್ರಶ್ನೆ: ರಜೆಯಲ್ಲಿ ಎಲ್ಲೂ ಹೋಗೋಕಾಗಲಿಲ್ಲ. ಜೂನ್ ಎರಡನೇ ವಾರ ಮಕ್ಕಳನ್ನು ಕರೆದುಕೊಂಡು ಶರಾವತಿ ಹಿನ್ನೀರಿನ ಹೊನ್ನೆಮರಡಿಗೆ ಹೋದರೆ ದೋಣಿ ಸಿಗುತ್ತಾ? ಮಳೆ ಬಂದು ನೀರು ಜಾಸ್ತಿ ಇರುತ್ತೆ, ಇನ್ನೂ ಚೆನ್ನಾಗಿರುತ್ತೆ ಅಲ್ವಾ? (ಬೆಂಗಳೂರಿನ ಓದುಗರು)

ಉತ್ತರ: ಸಿಗೋದು ಅನುಮಾನ. ಯಾರಾದರೂ ಕೊಡ್ತೀನಿ ಅಂದರೂ ಮಕ್ಕಳನ್ನು ಹತ್ತಿಸಬೇಡಿ.

ನೀರು ಜಾಸ್ತಿಯಾದರೆ ಒಳ್ಳೇದು ಅನ್ನೋ ಲೆಕ್ಕ ಬಹಳ ಜನರಿಗಿದೆ. ಶರಾವತಿ ಹಿನ್ನೀರಿನಲ್ಲಿ ಅದು ಉಲ್ಟಾ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಕಾಡು, ತೋಟ, ಊರು ಎಲ್ಲ ಮುಳುಗಿದವು. ಆ ಮರಗಳ ಬೊಡ್ಡೆಗಳು ಇವತ್ತಿಗೂ ಅಲ್ಲೇ ನಿಂತಿವೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ, ಬೇಸಿಗೆ ಕೊನೆಗೆ ಅದರಿಂದ ಐವತ್ತು ಅರವತ್ತು ಅಡಿ ಕೆಳಗಿಳಿದ ವರ್ಷಗಳೂ ಇವೆ. ಆಗ ಬೊಡ್ಡೆಗಳು ಕಪ್ಪಗೆ ನೀರಿಂದ ಮೇಲೆ ಕಾಣುತ್ತವೆ, ಹುಟ್ಟು ಹಾಕೋನು ನೋಡಿಕೊಂಡು ಪಕ್ಕಕ್ಕೆ ತಿರುಗಿಸುತ್ತಾನೆ. ಜೂನ್‌ನಲ್ಲಿ ನಾಲ್ಕು ದಿನ ಹೊಡೆದು ಮಳೆ ಬಂದು ನೀರು ಏರತೊಡಗಿತು ಅಂದರೆ ನಿನ್ನೆ ಕಾಣುತ್ತಿದ್ದ ಬೊಡ್ಡೆ ಇವತ್ತು ನೀರಿನ ಗೇಣು ಕೆಳಗಿರುತ್ತದೆ, ಮೇಲಿಂದ ಹೊಳೆ ತಂದ ಕೆಂಪು ನೀರು ಬೇರೆ, ಏನೂ ಕಾಣೋದಿಲ್ಲ. ಕಯಾಕ್ (ಒಬ್ಬಿಬ್ಬರು ಕೂರುವ ಸಣ್ಣ ಹುಟ್ಟು ದೋಣಿ) ಅದರ ಮೇಲೆ ಹತ್ತಿತೋ, ಪಕ್ಕಕ್ಕೆ ಮಗುಚೋಕೆ ಒಂದು ಅಲೆ ಸಾಕು.

ಆ ಅಲೆಯೂ ಆಗಲೇ ಶುರುವಾಗಿರುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ, ಅಷ್ಟು ಅಗಲ ನೀರಿನ ಮೇಲೆ ಅದನ್ನು ತಡೆಯೋಕೆ ಒಂದು ಮರವೂ ಇಲ್ಲ. ದಡದಲ್ಲಿ ನಿಂತವರಿಗೆ ತಂಪು ಗಾಳಿ, ಮಧ್ಯದಲ್ಲಿ ಇರುವವನಿಗೆ ಎಷ್ಟು ಹುಟ್ಟು ಹಾಕಿದರೂ ದೋಣಿ ಹಿಂದಕ್ಕೇ ಹೋಗುತ್ತದೆ. ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಒಡೆಯೋದು ಕಂಡರೆ ಸಣ್ಣ ದೋಣಿಗೆ ಅವತ್ತು ರಜೆ ಅಂತಲೇ ತಿಳಿಯಿರಿ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ದೋಣಿ ಮೇಲೆ ಎಳೆದುಬಿಡೋದು ಸುಮ್ನೆ ಅಲ್ಲ.

ಜೋಗ ನೋಡೋಕೆ ಬನ್ನಿ, ಮಳೆಗಾಲದಲ್ಲಿ ಅದೇ ಚೆಂದ. ದೋಣಿಗೆ ದಸರಾ ಕಳೆದ ಮೇಲೆ, ಮಳೆ ಪೂರ್ತಿ ನಿಂತಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು ಬನ್ನಿ.

ಪ್ರಶ್ನೆ: ಬೇಸಿಗೆ ಕೊನೆಗೆ ಶರಾವತಿ ಹಿನ್ನೀರು ದಾಟಿಸುವ ಸಿಗಂದೂರು ಲಾಂಚ್‌ಗೆ ವಾಹನ ಹತ್ತಿಸೋದು ನಿಲ್ಲಿಸುತ್ತಿದ್ದರು. ನೀರೇನೋ ಇರುತ್ತಿತ್ತು, ಮತ್ಯಾಕೆ? (ಶಿವಮೊಗ್ಗದಿಂದ)

ಉತ್ತರ: ಮಧ್ಯದಲ್ಲಿ ನೀರಿತ್ತು, ದಡದಲ್ಲಿ ಇರಲಿಲ್ಲ. ಲಾಂಚಿನ ಮುಂದಿನ ಹಲಗೆ ದಡದ ಕಟ್ಟೆಯ ಮೇಲೆ ಸರಿಯಾಗಿ ಕೂತರೆ ಮಾತ್ರ ಬಸ್ಸು, ಕಾರು ಹತ್ತುತ್ತವೆ. ನೀರು ಇಳಿದಂತೆ ಕಟ್ಟೆ ದೂರವಾಗುತ್ತದೆ, ಉಳಿದಿದ್ದು ಕೆಸರು. ಜನ ನಡೆದು ಹತ್ತಬಹುದು, ಬಸ್ಸು ಹತ್ತೋಕಾಗಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ಮೇಲೆ ಆ ತಲೆನೋವು ಹೋಯಿತು. ಲಾಂಚಿನ ಮಜಾ ಹೋಯ್ತು ಅಂತ ಪ್ರವಾಸಿಗಳು ಅಲವತ್ತುಕೊಳ್ಳುತ್ತಾರೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರ ಮುಂದೆ ಆ ಮಾತು ಆಡಬೇಡಿ. ಕೊನೆ ಲಾಂಚ್ ತಪ್ಪಿದ ರಾತ್ರಿ ಮನೆಯಲ್ಲಿ ಜ್ವರದ ಮಗು ಇದ್ದರೆ ಏನು ಅಂತ ಅವರಿಗೆ ಗೊತ್ತು.

ಪ್ರಶ್ನೆ: ಬೋಟಿನವರು ಕೊಡುವ ಲೈಫ್ ಜಾಕೆಟ್ ಬೆವರು ನಾತ. ಹತ್ತು ನಿಮಿಷದ ಸುತ್ತಿಗೆ ಅದು ಬೇಕೇ ಬೇಕಾ? (ಮೈಸೂರಿನಿಂದ)

ಉತ್ತರ: ಬೇಕೇ ಬೇಕು. ಗುಜರಾತಿನ ವಡೋದರಾದಲ್ಲಿ ಹರಣಿ ಕೆರೆ ಊರೊಳಗಿನ ಕೆರೆ. ಅಲ್ಲಿ 2024ರ ಜನವರಿ 18ರಂದು ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ದೋಣಿ ತುಂಬಾ ಜನ, ಎಲ್ಲರ ಮೈಮೇಲೆ ಜಾಕೆಟ್ ಇರಲಿಲ್ಲ. ಕೇರಳದ ತೇಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ದೋಣಿ ಮಗುಚಿ 45 ಜನ ಸತ್ತರು, ಅದೂ ಪ್ರವಾಸಿಗಳ ದೋಣಿಯೇ, ದಡದ ಪ್ರಾಣಿ ನೋಡೋಕೆ ಜನ ಒಂದೇ ಪಕ್ಕಕ್ಕೆ ಸರಿದಿದ್ದರು ಅಂತ ಆಗ ವರದಿಯಾಗಿತ್ತು. ಅದಕ್ಕೇ ಪ್ರಾಣಿ ಕಂಡಿತು ಅಂತ ಎಲ್ಲರೂ ಒಂದೇ ಪಕ್ಕಕ್ಕೆ ನುಗ್ಗಬೇಡಿ.

ಸೀಸನ್ ಕೊನೆಯಲ್ಲಿ ಜಾಕೆಟ್‌ಗಳೂ ಸುಸ್ತಾಗಿರುತ್ತವೆ. ಬಕಲ್ ಒಡೆದು ದಾರ ಕಟ್ಟಿದ್ದನ್ನು ತಗೋಬೇಡಿ. ಮಗುವಿಗೆ ತೊಡಿಸಿ ಪಟ್ಟಿ ಬಿಗಿ ಮಾಡಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿವರೆಗೆ ಬಂದು ಮಗು ಕೆಳಗೆ ಜಾರಿದರೆ, ನೀರಿಗೆ ಬಿದ್ದಾಗಲೂ ಅದೇ ಆಗೋದು. ಸಣ್ಣ ಸೈಜು ಕೇಳಿ. ಇಲ್ಲ ಅಂದರೆ ದಡದಲ್ಲೇ ಚುರುಮುರಿ ಕೊಡಿಸಿ.

ಪ್ರಶ್ನೆ: ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳನ್ನು ಜುಲೈನಲ್ಲಿ ನೋಡಬಹುದಾ? (ದಾವಣಗೆರೆಯಿಂದ)

ಉತ್ತರ: ತಡವಾಯಿತು. ನೀರು ಇಳಿದು ನಡುಗಡ್ಡೆಗಳು ಬೋಳಾಗಿ ಮೇಲೆದ್ದಾಗ ಅವು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಮಳೆ ಬಂದು ನಡುಗಡ್ಡೆ ಮುಳುಗುವುದರೊಳಗೆ ಮರಿಗಳು ಹಾರಬೇಕು. ಮುಂದಿನ ಮಾರ್ಚ್, ಏಪ್ರಿಲ್‌ನಲ್ಲಿ ಲಕ್ಕವಳ್ಳಿಗೆ ಹೋಗಿ. ದೋಣಿ ನಡುಗಡ್ಡೆ ಹತ್ತಿರ ಒಯ್ಯಲು ಚಾಲಕನಿಗೆ ಒತ್ತಾಯ ಮಾಡಬೇಡಿ. ತಾಯಿ ಹಾರಿಹೋದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ.

ಪ್ರಶ್ನೆ: ತೋಟದ ಕೆರೆಯಲ್ಲಿ ಒಂದು ಹರಿಗೋಲು, ಸಣ್ಣ ಮೋಟಾರು ಹಾಕಿದ ಒಂದು ಫೈಬರ್ ದೋಣಿ ಇದೆ. ಹೋದ ವರ್ಷ ಮಳೆಗಾಲ ಕಳೆದು ನೋಡಿದರೆ ಎಂಜಿನ್ ಸ್ಟಾರ್ಟೇ ಆಗಲಿಲ್ಲ. ಹೇಗೆ ಇಡಬೇಕು? (ಕೊಪ್ಪದಿಂದ)

ಉತ್ತರ: ಪೆಟ್ರೋಲ್ ಹಾಗೇ ಬಿಟ್ಟಿರುತ್ತೀರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈನಲ್ಲಿ ತೇವಕ್ಕೇನು ಬರ. ತೇವ ಜಾಸ್ತಿಯಾದಾಗ ನೀರು, ಎಥನಾಲ್ ಸೇರಿ ತಳಕ್ಕೆ ಇಳಿದು ಕೂರುತ್ತವೆ, ಕಾರ್ಬ್ಯುರೇಟರ್ ಒಳಗೆ ತುಕ್ಕು, ಅಂಟು.

ಡ್ರಮ್ಮಿಗೆ ಬಾವಿ ನೀರು ತುಂಬಿ, ಎಂಜಿನ್ನಿನ ಕಾಲು (ಫ್ಯಾನ್ ಇರುವ ಕೆಳಭಾಗ) ಅದರಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಓಡಿಸಿ, ಒಳಗಿನ ಕೆಸರು ಹೋಗಲಿ. ಓಡುತ್ತಿರುವಾಗಲೇ ಪೆಟ್ರೋಲ್ ಪೈಪು ಕಿತ್ತು, ತಾನಾಗಿ ಆರುವವರೆಗೆ ಬಿಡಿ. ಆರಿದ ಮೇಲೆ ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಸ್ಟಾರ್ಟ್ ಮಾಡುವ ಹಗ್ಗ ಮೆಲ್ಲಗೆ ಎರಡು ಮೂರು ಸಲ ಎಳೆಯಿರಿ. ಗೇರ್ ಆಯಿಲ್ ಕೂಡ ಕೆಳಗಿನ ಸ್ಕ್ರೂ ತೆಗೆದು ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣದಲ್ಲಿ ಬಂದರೆ ಸೀಲ್ ಹೋಗಿ ನೀರು ನುಗ್ಗಿದೆ ಅಂತ ಅರ್ಥ, ಈಗಲೇ ರಿಪೇರಿಗೆ ಕೊಡಿ. ಅಕ್ಟೋಬರ್‌ನಲ್ಲಿ ಮೆಕ್ಯಾನಿಕ್ ಕೈಗೆ ಸಿಗೋದಿಲ್ಲ. ಎಂಜಿನ್ ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ಬಸಿಯುತ್ತದೆ.

ದೋಣಿಯನ್ನು ಬೋರಲು ಹಾಕಿ. ಮಳೆ ನೀರು ತುಂಬಿದ ದೋಣಿಯನ್ನು ನಾಲ್ಕು ಜನ ಸೇರಿದರೂ ಎತ್ತೋಕಾಗಲ್ಲ. ಹರಿಗೋಲನ್ನೂ ಹಾಗೇ ಕಲ್ಲುಗಳ ಮೇಲೆ, ನೆಲಕ್ಕೆ ತಾಗದ ಹಾಗೆ, ಸೂರಿನ ಕೆಳಗೆ ಇಡಿ. ನೆಲಕ್ಕೆ ತಾಗಿದರೆ ಬಿದಿರಿಗೆ ಗೆದ್ದಲು ಗ್ಯಾರಂಟಿ. ಈಗ ಟಾರು ಬಳಿಯೋಕೆ ಹೋಗಬೇಡಿ, ಒದ್ದೆ ಬಿದಿರಿಗೆ ಅದು ಹಿಡಿಯಲ್ಲ. ನವೆಂಬರ್ ಬಿಸಿಲಿಗೆ ಒಣಗಿಸಿಕೊಂಡು ಬಳಿಯಿರಿ.