ಕೈಕೆತ್ತನೆಯ ಆರ್ಚ್‌ಟಾಪ್ ಗಿಟಾರ್ ಏಕೆ ಅಷ್ಟು ದುಬಾರಿ? ಕಡಿಮೆ ಬೆಲೆಗೆ ಬೇರೇನಿದೆ?

ಆರ್ಚ್‌ಟಾಪ್ ಎಂದರೆ ಮೇಲ್ಪಲಗೆ ಉಬ್ಬಿರುವ ಗಿಟಾರ್. ನೀವು ಬೆಲೆ ತೆರುವುದು ಮುಖ್ಯವಾಗಿ ಆ ಮೇಲ್ಪಲಗೆಯ ಕೆತ್ತನೆಗೆ. ದಪ್ಪನೆಯ ಸ್ಪ್ರೂಸ್ ಮರದ ಹಲಗೆಯನ್ನು ಉಳಿ, ಪುಟ್ಟ ಕೀಸುಳಿಗಳಿಂದ ಪಿಟೀಲಿನಂತೆ ಉಬ್ಬಾಗಿ ಕೆತ್ತಿ, ಒಳಗಿನಿಂದ ಕೆಲವೇ ಮಿಲಿಮೀಟರ್ ಉಳಿಯುವವರೆಗೆ ತೆಳುವಾಗಿಸುತ್ತಾರೆ. ಬೆರಳ ಗೆಣ್ಣಿನಿಂದ ತಟ್ಟುವುದು, ಕಿವಿಗೊಡುವುದು, ಇನ್ನಷ್ಟು ಹೆರೆಯುವುದು, ಹೀಗೆ ದಿನಗಟ್ಟಲೆ. ಒಮ್ಮೆ ಹೆಚ್ಚು ಹೆರೆದರೆ ಆ ಮರ ಮರಳಿ ಬಾರದು.

1922ರಲ್ಲಿ ಗಿಬ್ಸನ್ ಕಂಪನಿಯ ಎಲ್-5 ಬಂದ ಮೇಲೆ ದೊಡ್ಡ ವಾದ್ಯವೃಂದಗಳಲ್ಲಿ ಈ ಗಿಟಾರಿಗೆ ಸ್ಥಾನ ಸಿಕ್ಕಿತು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬಂದಾಗ ಮರವೇ ಜೋರಾಗಿ ನುಡಿಯಬೇಕಾದ ಅಗತ್ಯ ಕುಗ್ಗಿತು. ಇಂಥ ಗಿಟಾರುಗಳ ಹೆಸರಾಂತ ತಯಾರಕ, ನ್ಯೂಯಾರ್ಕಿನ ಜಾನ್ ಡಿ'ಏಂಜೆಲಿಕೊ 1964ರಲ್ಲಿ ತೀರಿಕೊಂಡರು. ಅವರ ಬಳಿ ಕೆಲಸ ಕಲಿತ ಜಿಮ್ಮಿ ಡಿ'ಅಕ್ವಿಸ್ಟೊ 1995ರಲ್ಲಿ. ಗುರುವಿನ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕಲಿಯುವ ವಿದ್ಯೆ ಇದು. ಕಲಿಯುವವರು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುವುದಾದರೆ ಪದರಹಲಗೆಯ, ಅಂದರೆ ತೆಳು ಮರದ ಪದರಗಳನ್ನು ಅಂಟಿಸಿ ಮಾಡಿದ ಹಲಗೆಯ, ಗಿಟಾರ್ ಧಾರಾಳವಾಗಿ ಸಾಕು. 1949ರಲ್ಲಿ ಬಂದ ಗಿಬ್ಸನ್ ಇಎಸ್-175ರ ಮೇಲ್ಪಲಗೆಯೂ ಪದರದ್ದೇ. ಜಾಝ್ ವಾದಕರು ಅದನ್ನು ದಶಕಗಳ ಕಾಲ ನೆಚ್ಚಿಕೊಂಡರು. ಅಂಥ ಹಲಗೆ ಸ್ಪೀಕರಿನ ಸದ್ದಿಗೆ ಬೇಗ ಊಳಿಡುವುದಿಲ್ಲ ಎಂಬುದೂ ಒಂದು ಅನುಕೂಲ. ಐಬನೆಜ್ ಆರ್ಟ್‌ಕೋರ್, ಗೋಡಿನ್ ಫಿಫ್ತ್ ಅವೆನ್ಯೂ ಮಾದರಿಗಳನ್ನು ನೋಡಿ. ಮರದ ಸಹಜ ನಾದವೇ ಬೇಕೆಂದರೆ ಚೀನಾದಲ್ಲಿ ತಯಾರಾಗುವ ಈಸ್ಟ್‌ಮನ್‌ನ ಕೆತ್ತನೆಯ ಮಾದರಿಗಳು ನನ್ನ ಮೊದಲ ಆಯ್ಕೆ.

ಹಳೆಯದನ್ನು ಕೊಳ್ಳುವಾಗ ತಂತಿ ಹೊರುವ ಬ್ರಿಜ್‌ನ ಕೆಳಗೆ ಹಲಗೆ ಕುಸಿದಿದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬ್ರಿಜ್ ಪೂರ್ತಿ ಕೆಳಗಿಳಿದಿದ್ದರೂ ತಂತಿಗಳು ಎತ್ತರದಲ್ಲೇ ಇದ್ದರೆ ಕುತ್ತಿಗೆಯ ಕೋನ ತಪ್ಪಿರುತ್ತದೆ, ಅದನ್ನು ಬಿಟ್ಟುಬಿಡಿ.