ಸಂಪಾದಕರ ಉತ್ತರ: ಬಿಳಿ ಎರಡು, ಕರಿ ಒಂದು

ಡೊಂಬಿವಲಿಯ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಮೊಮ್ಮಗನ ಒತ್ತಾಯಕ್ಕೆ ಮಣಿದು ಅವರು 2025ರ ಮೇ 17ರಂದು ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನಡೆದ ಗನ್ಸ್ ಎನ್ ರೋಸಸ್ ಎಂಬ ಅಮೆರಿಕದ ರಾಕ್ ತಂಡದ ಕಾರ್ಯಕ್ರಮಕ್ಕೆ ಹೋಗಿದ್ದರು. ಗಿಟಾರ್ ವಾದಕ ಸ್ಲ್ಯಾಶ್ ದೂರದಲ್ಲಿ ಬೆರಳುದ್ದದ ಗೊಂಬೆಯಂತೆ ಕಂಡರಂತೆ. ಉಳಿದದ್ದೆಲ್ಲ ಪರದೆಯ ಮೇಲೆ. ಮೊಮ್ಮಗ ಮೊಬೈಲಿನಲ್ಲಿ ಹಿಡಿದು ತಂದದ್ದನ್ನು ಮರುದಿನ ಹಾರ್ಮೋನಿಯಮ್ ಮುಂದಿಟ್ಟು ನೋಡಿದಾಗ, ಹುಡುಗ ಗಿಟಾರ್ ಕ್ಲಾಸಿನಲ್ಲಿ ಬಿಳಿ ಎರಡರಲ್ಲಿ (ಎರಡನೆಯ ಬಿಳಿ ಮನೆಯ ಶ್ರುತಿಯಲ್ಲಿ) ಕಲಿತ ಹಾಡನ್ನು ತಂಡದವರು ಕರಿ ಒಂದರಲ್ಲಿ, ಎಂದರೆ ಅದಕ್ಕಿಂತ ಅರ್ಧ ಸ್ವರ ಕೆಳಗಿನ ಮೊದಲ ಕರಿ ಮನೆಯ ಶ್ರುತಿಯಲ್ಲಿ, ನುಡಿಸಿದ್ದು ಗೊತ್ತಾಯಿತು. “ಅರವತ್ತರ ಹೊಸ್ತಿಲಲ್ಲಿ ಶ್ರುತಿ ಇಳಿಸಿಕೊಂಡು ನುಡಿಸುವವರನ್ನು ನೋಡಲು ಇಷ್ಟು ಹಣ, ಇಷ್ಟು ಬೆವರು ಏಕೆ? ಮನೆಯಲ್ಲೇ ಕೇಳಬಾರದೇ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಹಣ ಮತ್ತು ಬೆವರಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಮೇ ತಿಂಗಳ ಮುಂಬಯಿಯಲ್ಲಿ ಬಯಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ನಮ್ಮ ವಯಸ್ಸಿನವರಿಗೆ ಸುಲಭವಲ್ಲ. ದೂರದ ಲೆಕ್ಕವೂ ನಿಮ್ಮ ಪರವಾಗಿಯೇ ಇದೆ: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಆದ್ದರಿಂದ ನೂರು ಮೀಟರ್ ಹಿಂದೆ ನಿಂತವರಿಗೆ ಕೈ ತಂತಿಗೆ ಬಿದ್ದದ್ದು ಮೊದಲು ಕಂಡು, ನಾದ ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು ತಡವಾಗಿ ತಲುಪುತ್ತದೆ.

ಆದರೆ ಶ್ರುತಿಯ ವಿಷಯದಲ್ಲಿ ನಿಮ್ಮ ಕಿವಿ ಗೆದ್ದಿದೆ, ತೀರ್ಪು ಸೋತಿದೆ. ರಾಕ್ ಸಂಗೀತವನ್ನು ಹಾರ್ಮೋನಿಯಮ್ ಮುಂದಿಟ್ಟು ಪರೀಕ್ಷಿಸುವ ಓದುಗರು ಈ ಪತ್ರಿಕೆಗೆ ಇದ್ದಾರೆಂದು ನಾನು ಎರಡು ದಿನ ಬೀಗಿದ್ದುಂಟು. ಆದರೆ ಆ ತಂಡ 1987ರ ಮೊದಲ ಆಲ್ಬಮ್‌ನಲ್ಲೇ ತಂತಿಗಳನ್ನು ಅರ್ಧ ಸ್ವರ ಇಳಿಸಿ ನುಡಿಸಿತ್ತು. ಆಗ ಸ್ಲ್ಯಾಶ್ ಅವರಿಗೆ ಇಪ್ಪತ್ತೆರಡರ ಆಸುಪಾಸು. ಶ್ರುತಿ ಇಳಿದರೆ ತಂತಿಯ ಬಿಗಿ ಸಡಿಲಿ, ಬೆರಳಿನಿಂದ ಅದನ್ನು ಎಳೆದು ಸ್ವರವನ್ನು ಮೇಲಕ್ಕೆ ಜಾರಿಸುವುದು ಹಗುರವಾಗುತ್ತದೆ. ನಾದಕ್ಕೂ ತುಸು ಭಾರ ಬರುತ್ತದೆ. ಮೊಮ್ಮಗನ ಕ್ಲಾಸಿನಲ್ಲಿ ಮಕ್ಕಳ ಅನುಕೂಲಕ್ಕೆ ಸಾಮಾನ್ಯ ಶ್ರುತಿಯಲ್ಲೇ ಕಲಿಸಿದ್ದಾರೆ, ಅಷ್ಟೆ. ನೀವು ಮುಪ್ಪೆಂದು ಬರೆದುಕೊಂಡದ್ದು ಅವರ ತಾರುಣ್ಯದ ಅಭ್ಯಾಸ.

ಶ್ರುತಿ ಇಳಿಸುವುದರ ಕಥೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರಾದ, ಬ್ಲ್ಯಾಕ್ ಸ್ಯಾಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರನ್ನು ಬಿಟ್ಟರೆ ಪೂರ್ಣವಾಗದು. ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸ ಬಿಡುವ ದಿನವೇ, ಅವರ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋಯಿತು. ಅವರು ಎಡಚರಾದ್ದರಿಂದ ಸ್ವರಸ್ಥಾನಗಳನ್ನು ಒತ್ತಬೇಕಾದದ್ದು ಅದೇ ಕೈ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳ್ಳನೆಯ ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್ ಎಂಬ ಇಡೀ ರಾಕ್ ಪ್ರಕಾರದ ಗಡಸು ನಾದದಲ್ಲಿ ಆ ಗಾಯದ ಪಾಲು ದೊಡ್ಡದು. 2025ರ ಜುಲೈ 5ರಂದು ಊರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ತಂಡದ ಕೊನೆಯ ಕಾರ್ಯಕ್ರಮಕ್ಕೆ ನಿಂತಾಗ ಅಯೋಮಿ ಅವರಿಗೆ 77. ನಮ್ಮ ಗಂಗೂಬಾಯಿ ಹಾನಗಲ್ಲರ ಕಂಠವೂ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡಸಾಯಿತಲ್ಲವೇ? ಆ ದನಿಯನ್ನೇ ನಾವು ತಲೆಯ ಮೇಲೆ ಹೊತ್ತು ಮೆರೆಸಿದೆವು. 2006ರಲ್ಲಿ, ತೊಂಬತ್ಮೂರರ ವಯಸ್ಸಿನಲ್ಲಿ, ಅವರು ಕೊನೆಯ ಕಛೇರಿ ಮಾಡಿದಾಗ ‘ಮನೆಯಲ್ಲೇ ಕೇಳಬಾರದೇ’ ಎಂದು ಯಾರೂ ಪತ್ರಿಕೆಗೆ ಬರೆದದ್ದು ನನಗೆ ನೆನಪಿಲ್ಲ. ಹುಬ್ಬಳ್ಳಿಯ ಅಜ್ಜಿಗೆ ಕೊಡುವ ರಿಯಾಯಿತಿಯನ್ನು ಟೊಪ್ಪಿಗೆ ತೊಟ್ಟ ಗಿಟಾರಿನವನಿಗೆ ಕೊಡಲು ನಮಗೇಕೆ ಇಷ್ಟು ಜಿಪುಣತನ?

ಸ್ಲ್ಯಾಶ್ ಅವರ ಬಗ್ಗೆಯೂ ಒಂದು ಮಾತು ತಿಳಿದಿರಲಿ. ಕುಡಿತ ಮತ್ತು ಮಾದಕ ವಸ್ತುಗಳಿಂದ ಹೃದಯದ ಸ್ನಾಯು ಹದಗೆಟ್ಟು, ಮೂವತ್ತೈದರಲ್ಲಿ ‘ಉಳಿದಿರುವುದು ಕೆಲವೇ ವಾರ’ ಎಂದು ವೈದ್ಯರಿಂದ ಹೇಳಿಸಿಕೊಂಡವರು ಅವರು; ಎದೆಯೊಳಗೆ ಮಿಡಿತ ಕಾಯುವ ಯಂತ್ರ ಇಡಿಸಿಕೊಂಡು ವೇದಿಕೆಗೆ ಮರಳಿದರು. 2012ರಲ್ಲಿ ಇದೇ ತಂಡ ಮುಂಬಯಿಗೆ ಬಂದಾಗ ಅವರು ತಂಡದಲ್ಲಿರಲಿಲ್ಲ. ನಿಮ್ಮ ಮೊಮ್ಮಗ ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಇನ್ನು ‘ಮನೆಯಲ್ಲೇ ಕೇಳುವ’ ಮಾತು. 2005ರ ಮಾರ್ಚಿನಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಮೈದಾನಕ್ಕೆ ಬ್ರಿಟನ್ನಿನ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಬಂದಿದ್ದರು. ಅವರ ಧ್ವನಿಮುದ್ರಿಕೆಗಳನ್ನು ಇಪ್ಪತ್ತು ವರ್ಷ ಕೇಳಿದ್ದ ನಾನು, ಅವರ ಕೈಯಲ್ಲಿ ಏನಿದೆ ಎಂದು ಎಂದೂ ಯೋಚಿಸಿದವನಲ್ಲ. ಜನರ ನೂಕುನುಗ್ಗಲು ನನ್ನನ್ನು ಎಡಬದಿಯ ಕಟಕಟೆಗೆ ತಂದು ಒತ್ತಿದಾಗ ಮೊದಲ ಸಲ ಆ ಬಲಗೈ ಕಂಡಿತು. ಮೀಟುವ ಬಿಲ್ಲೆ ಇಲ್ಲ. ಹೆಬ್ಬೆರಳು ಮತ್ತು ಎರಡು ಬೆರಳು, ಅಷ್ಟೇ, ನಮ್ಮಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಹಾಗೆ. ಒಂದು ಸ್ವರ ಮೀಟಿದ ಮೇಲೆ ಬೆರಳು ತಂತಿಯ ಮೇಲೆ ಹಾಗೆಯೇ ಕುಳಿತು ನಾದವನ್ನು ಉಸಿರುಗಟ್ಟಿಸುತ್ತಿತ್ತು. ಅವರ ವಾದನದಲ್ಲಿ ಆಡಿದ ಮಾತಿನಂತೆ ಕೇಳಿಸುವ ಆ ತುಂಡುತುಂಡು ಧಾಟಿ ಎಲ್ಲಿಂದ ಬರುತ್ತದೆಂದು ಇಪ್ಪತ್ತು ವರ್ಷದಲ್ಲಿ ತಿಳಿಯದ್ದು ಇಪ್ಪತ್ತು ನಿಮಿಷದಲ್ಲಿ ತಿಳಿಯಿತು. ಮನೆಗೆ ಬಂದು ಅದೇ ಹಳೆಯ ಕ್ಯಾಸೆಟ್ ಹಾಕಿದರೆ ಅದರೊಳಗೂ ಆ ಬೆರಳು ಕುಳಿತಿದೆ. ನೋಡುವ ತನಕ ಕೇಳಿಸಿರಲಿಲ್ಲ, ಅಷ್ಟೆ. ಹಿರಿಯ ವಾದಕರ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ವಯಸ್ಸಾದಂತೆ ಅವರು ಸ್ವರಗಳನ್ನು ಬಿಡುತ್ತ ಬರುತ್ತಾರೆ, ಮತ್ತು ಬಿಟ್ಟ ಸ್ವರವನ್ನು ಯಾವ ಯಂತ್ರವೂ ಮುದ್ರಿಸಿಕೊಳ್ಳುವುದಿಲ್ಲ.

ಆದ್ದರಿಂದ ನನ್ನ ಸಿಟ್ಟು ವಾದಕರ ಮೇಲಲ್ಲ, ನಮ್ಮ ಮೇಲೆ. ನಿಮ್ಮ ಮುಂದೆ ನಿಂತವರು ಎತ್ತಿ ಹಿಡಿದ ಮೊಬೈಲುಗಳ ಬಗ್ಗೆ ಬರೆದಿದ್ದೀರಿ. ಮೊಮ್ಮಗನದೂ ಅವುಗಳಲ್ಲಿ ಒಂದಾಗಿತ್ತೆಂಬುದನ್ನು ಪ್ರೀತಿಯಿಂದ ನೆನಪಿಸುತ್ತೇನೆ. ಅರವತ್ತು ದಾಟಿದ ಕೇಳುಗನಿಗೆ ಒಂದು ಕುರ್ಚಿ ಇಡಬೇಕೆಂಬ ಬುದ್ಧಿ ಈ ನಗರದ ಬಯಲು ಕಾರ್ಯಕ್ರಮಗಳಿಗೆ ಇನ್ನೂ ಬಂದಿಲ್ಲ. ಹಾಗೆಂದು ಆ ಸಂಘಟಕರನ್ನಷ್ಟೇ ದೂರಿ ನಾವು ಪಾರಾಗುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮದೇ ಕನ್ನಡ ಸಂಘವೊಂದು ಎಂಬತ್ತರ ಸನಿಹದ ಗಾಯಕರೊಬ್ಬರನ್ನು ಧಾರವಾಡದಿಂದ ಕರೆಸಿತ್ತು. ಸ್ವಾಗತ, ಪ್ರಾಸ್ತಾವಿಕ, ಹನ್ನೊಂದು ಮಂದಿಗೆ ಶಾಲು ಹಾರ, ಅಧ್ಯಕ್ಷರ ಭಾಷಣ ಎಲ್ಲ ಮುಗಿದಾಗ ಸಭಾಂಗಣ ಬಿಟ್ಟುಕೊಡಲು ಮೂವತ್ತೈದು ನಿಮಿಷ ಉಳಿದಿತ್ತು. ತಂಬೂರಿಯನ್ನು ಎರಡು ಸಲ ಶ್ರುತಿ ಮಾಡಿದ ಆ ಹಿರಿಯರು ವಿಲಂಬಿತವನ್ನು ಅರ್ಧಕ್ಕೆ ನಿಲ್ಲಿಸಿ ಒಂದು ವಚನ ಹಾಡಿ ಎದ್ದರು. ನಾನೂ ಶಾಲು ಹೊದೆಸಿಕೊಂಡವರಲ್ಲಿ ಒಬ್ಬ. ಮಹಾಲಕ್ಷ್ಮಿಯಲ್ಲಿ ಸ್ಲ್ಯಾಶ್ ಅವರ ಕೈಯಿಂದ ಗಿಟಾರ್ ಇಳಿಸಿ ಹಾರ ಹಾಕಲು ಯಾರೂ ವೇದಿಕೆ ಏರಲಿಲ್ಲವೆಂಬುದನ್ನಾದರೂ ನೀವು ಅವರ ಖಾತೆಗೆ ಜಮಾ ಮಾಡಬೇಕು.

ಹುಡುಗನಿಗೆ ಅವನ ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಲು ಹೇಳಿ. ನೀವು ಹಾರ್ಮೋನಿಯಮ್‌ನಲ್ಲಿ ಕರಿ ಒಂದನ್ನು ಷಡ್ಜವಾಗಿ ಹಿಡಿಯಿರಿ. ಆಮೇಲೆ ಮೊಬೈಲಿನಲ್ಲಿರುವುದನ್ನು ಹಾಕಿ, ಮೂವರೂ ಕೂಡಿ ನುಡಿಸಬಹುದು.