ನೆಗಡಿ ವಾಸಿಯಾದ ಮೇಲೂ ಕೆಮ್ಮು ಉಳಿಯುವುದೇಕೆ? ವೈದ್ಯರನ್ನು ಯಾವಾಗ ಕಾಣಬೇಕು?

ವೈರಸ್ ಸೋಂಕು ಹೋದರೂ ಅದು ಶ್ವಾಸನಾಳದಲ್ಲಿ ಉಳಿಸಿಹೋದ ಉರಿಯೂತ ನಿಧಾನವಾಗಿ ಇಳಿಯುವುದರಿಂದ, ಕೆಮ್ಮು 3ರಿಂದ 8 ವಾರಗಳವರೆಗೆ ಮುಂದುವರಿಯಬಹುದು. ಶ್ವಾಸನಾಳದ ಒಳಪದರಕ್ಕೆ ಘಾಸಿಯಾದಾಗ ಅಲ್ಲಿನ ನರತುದಿಗಳು ಅತಿಸೂಕ್ಷ್ಮವಾಗುತ್ತವೆ. ಆಗ ತಣ್ಣನೆಯ ಗಾಳಿಯೋ ಒಂದು ಜೋರು ನಗುವೋ ಸಾಕು, ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಇದಕ್ಕೆ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ.

ವಯಸ್ಕರಲ್ಲಿ 8 ವಾರ, ಮಕ್ಕಳಲ್ಲಿ 4 ವಾರ ದಾಟಿದ ಕೆಮ್ಮಿಗೆ ಸಾಮಾನ್ಯವಾಗಿ ಬೇರೆ ಕಾರಣವಿರುತ್ತದೆ: ಆಸ್ತಮಾ, ಮೂಗಿನ ಹಿಂಭಾಗದಿಂದ ಗಂಟಲಿಗಿಳಿಯುವ ಸಿಂಬಳ, ಅಥವಾ ಹೊಟ್ಟೆಯಿಂದ ಮೇಲೇರುವ ಆಮ್ಲ. ಹಲವರಿಗೆ ಹೊಳೆಯದ ಕಾರಣವೊಂದಿದೆ. ಎನಲಾಪ್ರಿಲ್, ರಾಮಿಪ್ರಿಲ್‌ನಂತಹ ರಕ್ತದೊತ್ತಡದ ಮಾತ್ರೆಗಳೂ ಒಣಕೆಮ್ಮು ತರುತ್ತವೆ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.

ಕಫದಲ್ಲಿ ರಕ್ತ, ಉಸಿರಾಟದ ತೊಂದರೆ, ಎದೆನೋವು, ಬಿಡದ ಜ್ವರ, ರಾತ್ರಿ ಬೆವರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ವಾರಗಳ ಲೆಕ್ಕ ಹಾಕುತ್ತ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು. ಕ್ಷಯ ಹೆಚ್ಚಾಗಿರುವ ಪ್ರದೇಶಗಳಲ್ಲಿ 2 ವಾರ ಮೀರಿದ ಕೆಮ್ಮಿಗೇ ಕಫ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಧೂಮಪಾನಿಗಳು ತಮ್ಮ ಹಳೆಯ ಕೆಮ್ಮಿನ ಸ್ವರೂಪ ಬದಲಾದರೂ ತೋರಿಸಿಕೊಳ್ಳಬೇಕು.